ಹಬ್ಬದ ಮನೆಯಲ್ಲೊಂದು ಕೊಲೆ: ಜನ್ನನ ‘ಯಶೋಧರ ಚರಿತೆ’ಯೂ ಪತ್ತೇದಾರಿ ಕಥೆಯ ಆಕರ್ಷಣೆಯೂ

ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಮಾರಿಹಬ್ಬವೆಂದರೇನೆಂದು ವಿವರಿಸಬೇಕಾಗಿಲ್ಲ. ಬಲಿ, ಹರಕೆ, ದೇವಿಯ ಮುನಿಸು ಇವೆಲ್ಲ ಅವರು ಕಂಡು ಕೇಳಿದವೇ. ಅವರನ್ನು ಕಾಡುವುದು ಬೇರೆ ಸಂಗತಿ. ‘ಹಿಟ್ಟಿನ ಕೋಳಿಯನ್ನು ಕಡಿದವನು ಜನ್ಮಜನ್ಮಾಂತರ ಪಶುಪಕ್ಷಿಯಾಗಿ ನರಳುತ್ತಾನೆ. ಗಂಡನಿಗೂ ಅತ್ತೆಗೂ ವಿಷವಿಟ್ಟು ಕೊಂದವಳ ಬಗ್ಗೆ ಕವಿ ಅಷ್ಟು ತಲೆಕೆಡಿಸಿಕೊಳ್ಳುವುದೇ ಇಲ್ಲ. ನಿಜವಾದ ಕೊಲೆ ಯಾವುದು ಸರ್?’

ಈ ಪ್ರಶ್ನೆಯನ್ನು ನಾನು ಬಹುಕಾಲ ಕರ್ಮಸಿದ್ಧಾಂತದ ಪ್ರಶ್ನೆಯೆಂದು ಭಾವಿಸಿ ಅದಕ್ಕೆ ತಕ್ಕಂತೆ ಉತ್ತರಿಸುತ್ತಿದ್ದೆ. ಇತ್ತೀಚೆಗೆ ಅದು ಪತ್ತೇದಾರಿ ಕಥೆಗಳ ಓದುಗನ ಪ್ರಶ್ನೆಯೂ ಹೌದೆಂದು ತೋರತೊಡಗಿದೆ. ಅರಮನೆಯಲ್ಲಿ ಔತಣ, ಔತಣದಲ್ಲಿ ವಿಷ, ಎರಡು ಹೆಣ. ಆದರೂ ಅಪರಾಧಿಯನ್ನು ಹಿಡಿದು ನಿಲ್ಲಿಸುವವರಿಲ್ಲ. ಹಬ್ಬದ ಮನೆಯಲ್ಲಿ ನಡೆಯುವ ಕೊಲೆಯ ಕಥೆಯನ್ನು ಜನ ಏಕೆ ಇಷ್ಟಪಟ್ಟು ಓದುತ್ತಾರೆ, ಕೇಳುತ್ತಾರೆ? ಈ ಕೌತುಕದ ಹಿನ್ನೆಲೆಯಲ್ಲಿ ಜನ್ನನ ಕಾವ್ಯವನ್ನು ಮತ್ತೊಮ್ಮೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹಬ್ಬಕ್ಕೊಂದು ಕೊಲೆ

ಹಬ್ಬದ ದಿನ ದೊಡ್ಡ ಮನೆಯೊಂದರಲ್ಲಿ ಕೊಲೆ ನಡೆಯುವ ಕಥೆಗಳದೇ ಒಂದು ಪರಂಪರೆ ಇಂಗ್ಲಿಷ್ ಸಾಹಿತ್ಯದಲ್ಲಿದೆ. ಅಗಾಥಾ ಕ್ರಿಸ್ಟಿಯ ‘ಹರ್ಕ್ಯೂಲ್ ಪೊಯ್‌ರೋಸ್ ಕ್ರಿಸ್‌ಮಸ್’ 1938ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಸಿಮಿಯನ್ ಲೀ ಎಂಬ ಮುದಿ ಶ್ರೀಮಂತ, ದೂರವಾಗಿದ್ದ ಮಕ್ಕಳನ್ನೆಲ್ಲ ಕ್ರಿಸ್‌ಮಸ್ಸಿಗೆಂದು ಮನೆಗೆ ಕರೆಸುತ್ತಾನೆ; ಹಬ್ಬದ ಹಿಂದಿನ ರಾತ್ರಿ ಒಳಗಿನಿಂದ ಬೀಗ ಬಿದ್ದ ಕೋಣೆಯಲ್ಲಿ ಹೆಣವಾಗುತ್ತಾನೆ. ಅದಕ್ಕೂ ಮುಂಚೆ 1936ರಲ್ಲಿ ಮೇವಿಸ್ ಡೋರಿಯಲ್ ಹೇ ಅವರ ‘ದ ಸಾಂಟಾ ಕ್ಲಾಸ್ ಮರ್ಡರ್’, 1937ರಲ್ಲಿ ಜೆಫರ್ಸನ್ ಫಾರ್ಜನ್ ಅವರ ‘ಮಿಸ್ಟರಿ ಇನ್ ವೈಟ್’ ಬಂದಿದ್ದವು. ಈ ಎರಡನೆಯದನ್ನು ಬ್ರಿಟಿಷ್ ಲೈಬ್ರರಿ 2014ರಲ್ಲಿ ಮರುಮುದ್ರಿಸಿದಾಗ ಅದು ಅನಿರೀಕ್ಷಿತವಾಗಿ ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. ಕ್ರಿಸ್ಟಿಯ ಹೊಸ ಕಾದಂಬರಿಯನ್ನು ಹಬ್ಬದ ಉಡುಗೊರೆಯಾಗಿ ಕೊಳ್ಳಿರೆಂದು ಪ್ರಕಾಶಕರು ಪ್ರಚಾರ ಮಾಡುತ್ತಿದ್ದರು. ಹಬ್ಬಕ್ಕೆ ಹೊಸಬಟ್ಟೆ, ಸಿಹಿ, ಜೊತೆಗೊಂದು ಕೊಲೆ!

ಈ ಆಕರ್ಷಣೆಗೆ ಕೆಲವು ಕಾರಣಗಳನ್ನು ಸುಲಭವಾಗಿ ಗುರುತಿಸಬಹುದು. ಮೊದಲನೆಯದಾಗಿ, ಹಬ್ಬವು ಬೇರೆ ದಿನಗಳಲ್ಲಿ ಒಂದೇ ಸೂರಿನಡಿ ಸೇರದವರನ್ನು ಒಟ್ಟುಗೂಡಿಸುತ್ತದೆ. ಆಸ್ತಿಯ ಜಗಳ, ಹಳೆಯ ಅವಮಾನ, ಮುಚ್ಚಿಟ್ಟ ಪ್ರೇಮ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ಎರಡನೆಯದಾಗಿ, ಹಿಮ ಬಿದ್ದು ದಾರಿ ಮುಚ್ಚಿದಾಗ ಹೊರಗಿನವರು ಒಳಬರಲಾರರು, ಒಳಗಿನವರು ಹೊರಹೋಗಲಾರರು; ಕೊಂದವರು ನಮ್ಮೊಳಗೇ ಇದ್ದಾರೆ ಎಂಬ ಅರಿವು ಮೂಡುತ್ತದೆ. ಮೂರನೆಯದಾಗಿ, ಹಬ್ಬದ ದಿನ ಕೆಟ್ಟದ್ದು ನಡೆಯಬಾರದು ಎಂಬ ನಂಬಿಕೆ ಎಲ್ಲ ಸಮಾಜಗಳಲ್ಲಿಯೂ ಇದೆ. ಆ ನಂಬಿಕೆ ಮುರಿದಾಗ ಹುಟ್ಟುವ ತಲ್ಲಣ ಮಾಮೂಲಿ ದಿನದ ಕೊಲೆಯಿಂದ ಹುಟ್ಟಲಾರದು.

ಆದರೆ ಇವು ಕಥೆ ಕಟ್ಟುವವನ ಅನುಕೂಲಗಳು. ಓದುವವನಿಗೆ ಸಿಗುವ ಸುಖದ ಮೂಲ ಬೇರೆಡೆಯಿದೆ. ಕವಿ ಡಬ್ಲ್ಯು. ಎಚ್. ಆಡೆನ್ 1948ರಲ್ಲಿ ಬರೆದ ‘ದ ಗಿಲ್ಟಿ ವಿಕರೇಜ್’ ಎಂಬ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಮುಖ್ಯವಾದುದು. ಪತ್ತೇದಾರಿ ಕಥೆಯ ವ್ಯಸನಿ ಒಳಗೊಳಗೇ ಪಾಪಪ್ರಜ್ಞೆಯಿಂದ ಬಳಲುವವನೆಂಬುದು ಆಡೆನ್ನನ ವಾದ. ಕೊಲೆ ನಡೆದೊಡನೆ ಮನೆಯ ಎಲ್ಲರ ಮೇಲೂ ಸಂಶಯ ಕವಿಯುತ್ತದೆ. ಎಲ್ಲರಲ್ಲೂ ಏನೋ ಒಂದು ಕಲ್ಮಶ ಕಾಣುತ್ತದೆ. ಪತ್ತೇದಾರ ಬಂದು ಒಬ್ಬನತ್ತ ಬೆರಳು ತೋರುತ್ತಾನೆ. ಆ ಒಬ್ಬನು ಎಲ್ಲರ ಪಾಪವನ್ನೂ ಹೊತ್ತು ಹೊರನಡೆದಾಗ ಉಳಿದವರು ನಿರ್ಮಲರಾಗುತ್ತಾರೆ, ಓದುಗನೂ ನಿರ್ಮಲನಾಗುತ್ತಾನೆ. ಹಾಗಾದರೆ ಅಪರಾಧಿಯು ಆ ಕಥೆಯ ಬಲಿಪಶು. ಊರಿನ ಕೆಡುಕನ್ನು ಒಂದು ಪಶುವಿನ ತಲೆಗೆ ಕಟ್ಟಿ ಕಳಿಸುವ ನಮ್ಮ ಮಾರಿಹಬ್ಬದ ತರ್ಕಕ್ಕೂ ಹಬ್ಬದ ಪತ್ತೇದಾರಿ ಕಾದಂಬರಿಯ ತರ್ಕಕ್ಕೂ ಇರುವ ನಂಟು ಇಲ್ಲಿ ಗೋಚರಿಸುತ್ತದೆ.

ನಮ್ಮ ‘ಮುಚ್ಚಿದ ಮನೆ’

ಕನ್ನಡದಲ್ಲಿ ಪತ್ತೇದಾರಿ ಸಾಹಿತ್ಯಕ್ಕೆ ಬರವಿಲ್ಲ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಮುಂತಾದ ಪಾತ್ರಗಳನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ತಾಲ್ಲೂಕು ಕೇಂದ್ರಗಳ ಬಾಡಿಗೆ ಪುಸ್ತಕದಂಗಡಿಗಳಿಗೆ ಓದುಗರನ್ನು ಎಳೆತಂದರು. ಟಿ. ಕೆ. ರಾಮರಾಯರು ಆ ಪ್ರಕಾರಕ್ಕೆ ಬೇರೊಂದು ಹದ ತಂದರು. ಅರಮನೆಯೊಳಗಿನ ಕೊಲೆಗಳನ್ನು ತ.ರಾ.ಸು. ಅವರು ಚಿತ್ರದುರ್ಗದ ಇತಿಹಾಸದಿಂದ ಎತ್ತಿಕೊಂಡು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಚಿತ್ರಿಸಿದರು. ಆದರೆ ಹಬ್ಬಕ್ಕೆ ಬಂದ ನೆಂಟರ ನಡುವೆ ನಡೆಯುವ ಕೊಲೆಯನ್ನು ಒಂದು ಪ್ರತ್ಯೇಕ ಪ್ರಕಾರವಾಗಿ ನಾವು ಬೆಳೆಸಲಿಲ್ಲ. ನಮ್ಮ ಹಬ್ಬಗಳಿಗೆ ಬಾಗಿಲು ಮುಚ್ಚುವ ಅಭ್ಯಾಸವಿಲ್ಲದಿರುವುದು ಒಂದು ಕಾರಣವಿರಬಹುದು. ದೀಪಾವಳಿಗೆ ಹಿಮ ಬೀಳುವುದಿಲ್ಲ.

ಬಾಗಿಲು ಮುಚ್ಚುವ ಹಬ್ಬವೊಂದು ಮಾತ್ರ ನಮ್ಮಲ್ಲಿದೆ, ಅದು ಮಾರಿಹಬ್ಬ. ಮಧ್ಯ ಕರ್ನಾಟಕದ ಅನೇಕ ಊರುಗಳಲ್ಲಿ ಜಾತ್ರೆಗೆ ಮುನ್ನ ಸಾರು ಹಾಕುತ್ತಾರೆ. ಆ ಬಳಿಕ ಊರು ಒಂದು ಕಟ್ಟಿಗೆ ಒಳಪಡುತ್ತದೆ. ಮದುವೆ ಮುಂಜಿಗಳು ನಿಲ್ಲುತ್ತವೆ, ಅಡುಗೆಮನೆಗೂ ನಿಯಮಗಳು ಬರುತ್ತವೆ, ಊರಿನ ಗಡಿಗೆ ಅರ್ಥ ಬರುತ್ತದೆ. ಇಡೀ ಊರೇ ಒಂದು ಮನೆಯಾಗಿ, ಆ ಮನೆಯ ಬಾಗಿಲು ಮುಚ್ಚಿಕೊಂಡಂತೆ. ಒಳಗೆ ನಡೆಯುವ ಸಾವು ಮಾತ್ರ ರಹಸ್ಯವಾದುದಲ್ಲ. ಅದು ಎಲ್ಲರೆದುರು, ಎಲ್ಲರ ಒಪ್ಪಿಗೆಯಿಂದ, ತಮಟೆಯ ಸದ್ದಿನಲ್ಲಿ ನಡೆಯುತ್ತದೆ. ಯಾರು ಕೊಂದರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆಯನ್ನು ಅಲ್ಲಿಯೇ, ಆ ಜಾತ್ರೆಯ ನಡುವೆಯೇ ಎತ್ತಿದವನು ಜನ್ನ.

ಉಪವಾಸದವರಿಗೆ ಹೇಳಿದ ಕಥೆ

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಸ್ಥಾನದಲ್ಲಿದ್ದು ‘ಕವಿಚಕ್ರವರ್ತಿ’ ಬಿರುದು ಪಡೆದ ಜನ್ನನು ‘ಯಶೋಧರ ಚರಿತೆ’ಯನ್ನು ಪೂರ್ಣಗೊಳಿಸಿದ್ದು 1209ರಲ್ಲಿ. ನಾಲ್ಕು ಅವತಾರಗಳ, ಬಹುಪಾಲು ಕಂದಪದ್ಯಗಳ ಚಿಕ್ಕ ಕಾವ್ಯವಿದು. ಕಥೆ ಅವನ ಸ್ವಂತದ್ದಲ್ಲ. ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಸೋಮದೇವಸೂರಿಯು 959ರಲ್ಲಿ ಮುಗಿಸಿದ ‘ಯಶಸ್ತಿಲಕ ಚಂಪೂ’, ಮಾನ್ಯಖೇಟದ ಕವಿ ಪುಷ್ಪದಂತನ ಅಪಭ್ರಂಶ ಕಾವ್ಯ ‘ಜಸಹರಚರಿಉ’, ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲ ಅದೇ ಕಥೆಯನ್ನು ಹೇಳಿದ್ದವು. ಜನ್ನ ಮುಖ್ಯವಾಗಿ ಅನುಸರಿಸಿದ್ದು ವಾದಿರಾಜನನ್ನು.

ನಮ್ಮ ಚರ್ಚೆಗೆ ಅತ್ಯಂತ ಮಹತ್ವದ ಸಂಗತಿ ಕಾವ್ಯದ ಸಂದರ್ಭ. ಜೀವದಯಾಷ್ಟಮಿಯಂದು ಉಪವಾಸವಿರುವ ಶ್ರಾವಕರ ಕಿವಿಗೆ ಪಾರಣೆಯಾಗಲೆಂದು ಈ ಕೃತಿಯನ್ನು ರಚಿಸಿದೆನೆಂದು ಕವಿ ತಾನೇ ಹೇಳಿಕೊಂಡಿದ್ದಾನೆ. ಜೀವದಯಾಷ್ಟಮಿ ಬರುವುದು ಆಶ್ವಯುಜ ಶುದ್ಧ ಅಷ್ಟಮಿಯಂದು, ಅಂದರೆ ನವರಾತ್ರಿಯ ದುರ್ಗಾಷ್ಟಮಿಯ ದಿನವೇ. ಊರೆಲ್ಲ ಶಕ್ತಿಪೂಜೆಯ ಸಂಭ್ರಮದಲ್ಲಿರುವಾಗ, ಕೆಲವೆಡೆ ಬಲಿಯೂ ಸಲ್ಲುವಾಗ, ಜೈನರು ಅದೇ ದಿನ ಜೀವದಯೆಯ ನೋಂಪಿಯನ್ನು ಹಿಡಿದು ಹಸಿದು ಕುಳಿತು ಒಂದು ಕೊಲೆಯ ಕಥೆಯನ್ನು ಕೇಳುತ್ತಿದ್ದರು. ಅಂದರೆ ‘ಯಶೋಧರ ಚರಿತೆ’ ಹಬ್ಬದಲ್ಲಿ ನಡೆಯುವ ಕೊಲೆಯ ಕಥೆ ಮಾತ್ರವಲ್ಲ, ಹಬ್ಬಕ್ಕೆಂದೇ ಬರೆದ ಕೊಲೆಯ ಕಥೆಯೂ ಹೌದು. ಕ್ರಿಸ್‌ಮಸ್ ಕಾದಂಬರಿಗೂ ಇದಕ್ಕೂ ನಡುವೆ ಏಳು ಶತಮಾನಗಳಿಗೂ ಮೀರಿದ ಅಂತರವಿದೆ. ಒಂದು ವ್ಯತ್ಯಾಸವೂ ಇದೆ. ಅದು ಉಂಡು ತಣಿದವರು ಬೆಂಕಿಗೂಡಿನ ಮುಂದೆ ಕುಳಿತು ಓದುವ ಕಥೆ; ಇದು ಹಸಿದವರು ಕೇಳುವ ಕಥೆ.

ಸತ್ತವರ ಸಾಕ್ಷ್ಯ

ಕಾವ್ಯ ಆರಂಭವಾಗುವುದು ವಸಂತಕಾಲದ ಚಂಡಮಾರಿಯ ಜಾತ್ರೆಯಲ್ಲಿ. ರಾಜಪುರದ ಅರಸು ಮಾರಿದತ್ತ ಬಲಿಗೆಂದು ಪ್ರಾಣಿಗಳ ಜೋಡಿಗಳನ್ನು ಕೂಡಿಸಿದ್ದಾನೆ. ಮನುಷ್ಯರ ಜೋಡಿಯೊಂದು ಬೇಕು. ತಳಾರ ಚಂಡಕರ್ಮನು ಸುದತ್ತಾಚಾರ್ಯರ ಸಂಘದ ಎಳೆಯರಾದ ಅಭಯರುಚಿ ಮತ್ತು ಅಭಯಮತಿ ಎಂಬ ಅವಳಿಗಳನ್ನು ಹಿಡಿದು ತರುತ್ತಾನೆ. ಕತ್ತಿಯ ಮುಂದೆಯೂ ಅಳುಕದ ಆ ಮಕ್ಕಳನ್ನು ಕಂಡು ಬೆರಗಾದ ರಾಜ ‘ನೀವು ಯಾರು?’ ಎಂದು ಕೇಳುತ್ತಾನೆ. ಅವರು ಹೇಳುವುದೇ ಯಶೋಧರನ ಕಥೆ.

ಉಜ್ಜಯಿನಿಯ ಅರಸು ಯಶೋಧರ. ಅವನ ರಾಣಿ ಅಮೃತಮತಿ, ಬೆಳಗಿನ ಜಾವ ಕೇಳಿಬಂದ ಹಾಡಿಗೆ ಸೋತು ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಒಲಿಯುತ್ತಾಳೆ. ರಾತ್ರಿ ಅವಳನ್ನು ಹಿಂಬಾಲಿಸಿ ಎಲ್ಲವನ್ನೂ ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತಿ, ತಡೆದುಕೊಂಡು ಹಿಂತಿರುಗುತ್ತಾನೆ. ವಿರಕ್ತನಾಗಿ, ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಆಕೆ ದೋಷಪರಿಹಾರಕ್ಕೆ ಬಲಿ ಕೊಡೆನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ, ಬಿಡಲೊಲ್ಲದ ತಾಯಿ. ಇಬ್ಬರ ನಡುವಿನ ರಾಜಿಯಾಗಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ. ಅದರೊಳಗೆ ವ್ಯಂತರವೊಂದು ಹೊಕ್ಕಿತ್ತು. ಯಶೋಧರ ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೊರಡುವ ಮುನ್ನ ಅಮೃತಮತಿ ಗಂಡನನ್ನೂ ಅತ್ತೆಯನ್ನೂ ಔತಣಕ್ಕೆ ಕರೆದು ವಿಷವಿಕ್ಕುತ್ತಾಳೆ.

ಕನಸೆಂಬ ಸುಳ್ಳಿನಿಂದ ಹಿಡಿದು ಔತಣದ ವಿಷದವರೆಗೆ ಇದೆಲ್ಲ ಅಪ್ಪಟ ಪತ್ತೇದಾರಿ ಸಾಮಗ್ರಿ. ಆದರೆ ಜನ್ನನು ಕೊಂದವರಾರೆಂಬುದನ್ನು ಬಚ್ಚಿಡುವುದಿಲ್ಲ. ಅವನು ಬಚ್ಚಿಡುವುದು ಸತ್ತವರಾರೆಂಬುದನ್ನು. ತಾಯಿಮಕ್ಕಳು ನವಿಲೂ ನಾಯಿಯೂ ಆಗಿ ಹುಟ್ಟಿ, ಮುಂದೆ ಜನ್ಮದಿಂದ ಜನ್ಮಕ್ಕೆ ತಮ್ಮದೇ ಅರಮನೆಯ ಸುತ್ತ ಸುಳಿದು, ತಮ್ಮವರ ಕೈಯಲ್ಲೇ ಸಾಯುತ್ತಾರೆ. ಒಂದು ಜನ್ಮದಲ್ಲಿ ಯಶೋಧರನ ಶ್ರಾದ್ಧದ ಅಡುಗೆಗೆ ಯಶೋಧರನ ಮಾಂಸವೇ ಒದಗುತ್ತದೆ. ಕೊನೆಗೆ ಕೋಳಿಗಳಾಗಿ ಧರ್ಮವಚನವನ್ನು ಕೇಳಿ, ಯಶೋಮತಿಯ ಬಾಣಕ್ಕೆ ಬಲಿಯಾಗಿ, ಆ ಯಶೋಮತಿಯ ಮಕ್ಕಳಾಗಿಯೇ ಹುಟ್ಟುತ್ತಾರೆ. ಆ ಅವಳಿಗಳೇ ಈಗ ಮಾರಿಗುಡಿಯಲ್ಲಿ ನಿಂತು ಮಾತಾಡುತ್ತಿರುವ ಅಭಯರುಚಿ, ಅಭಯಮತಿ. ಸೋಮದೇವಸೂರಿಯ ಕಥನದಲ್ಲಿ ಅವರು ಮಾರಿದತ್ತನ ತಂಗಿಯ ಮಕ್ಕಳೂ ಆಗಿರುವುದರಿಂದ, ಬಲಿಗೆ ಹಿಡಿದು ತಂದವರು ಅರಸನ ಮನೆಯವರೇ ಆಗುತ್ತಾರೆ.

ಪೊಯ್‌ರೋ ಕೊನೆಯಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ನಿಜವನ್ನು ಬಿಚ್ಚಿಡುವ ದೃಶ್ಯ ಪ್ರಸಿದ್ಧವಾದುದು. ಮಾರಿಗುಡಿಯಲ್ಲಿಯೂ ಆಗುವುದು ಅದೇ. ವ್ಯತ್ಯಾಸವಿಷ್ಟೆ: ಅಲ್ಲಿ ಮಾತಾಡುವವನು ಹೊರಗಿನಿಂದ ಬಂದ ಬುದ್ಧಿವಂತ, ಹೆಣ ಮೂಕ. ಇಲ್ಲಿ ಹೆಣವೇ ಮಾತಾಡುತ್ತದೆ. ಕೊಲೆಗೀಡಾದವರು ಮತ್ತೊಂದು ಕೊಲೆಯ ಕತ್ತಿಯಡಿ ನಿಂತು ತಮ್ಮ ಸಾವಿನ ಸಾಕ್ಷ್ಯ ನುಡಿಯುತ್ತಾರೆ. ಕೇಳುಗನ ಆತಂಕ ‘ಯಾರು ಕೊಂದರು’ ಎಂಬುದರಲ್ಲಿಲ್ಲ. ‘ಈ ಕಥೆ ಮುಗಿದೊಡನೆ ಕತ್ತಿ ಬೀಳುತ್ತದೆಯೋ ಇಲ್ಲವೋ’ ಎಂಬುದರಲ್ಲಿದೆ.

ಕಳ್ಳನನ್ನು ಹಿಡಿಯುವ ಕಥನಕಲೆ ಜೈನ ಕಥೆಗಾರರಿಗೆ ಗೊತ್ತಿರಲಿಲ್ಲವೆಂದಲ್ಲ. ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ನೆನೆಯಬಹುದು. ಕಳುವು, ವೇಷ, ಗಡುವು, ತಳಾರನ ಶೋಧ ಎಲ್ಲವೂ ಅಲ್ಲಿವೆ. ಆದರೆ ಆ ಕಥೆಯೂ ಸೆರೆಯಲ್ಲಿ ಮುಗಿಯುವುದಿಲ್ಲ, ಕಳ್ಳನ ವೈರಾಗ್ಯದಲ್ಲಿ ಮುಗಿಯುತ್ತದೆ. ಅಪರಾಧಿಯನ್ನು ಗುರುತಿಸುವುದು ಈ ಪರಂಪರೆಗೆ ಕಥೆಯ ಅರ್ಧದಾರಿ ಮಾತ್ರ.

ಹಿಟ್ಟಿನ ಕೋಳಿಯ ತಕರಾರು

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ಜೈನಾಚಾರದಲ್ಲಿ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಅಡುಗೆ ಮುಂತಾದ ಮನೆಗೆಲಸ, ಕಸುಬು, ಆತ್ಮರಕ್ಷಣೆ ಇವುಗಳಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರ. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆಗೆ ಮಾತ್ರ ಅವನಿಗೂ ವಿನಾಯಿತಿಯಿಲ್ಲ. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಅದರ ಹಿಂದಿರುವ ಪ್ರಮತ್ತವಾದ ಮನಸ್ಸನ್ನೂ ಸೇರಿಸುತ್ತದೆ. ಬೃಹತ್ ಮೀನಿನ ದೇಹದಲ್ಲಿರುವ ಅಕ್ಕಿಕಾಳಿನಷ್ಟು ಸಣ್ಣ ಮೀನು, ‘ನಾನಾಗಿದ್ದರೆ ಇವುಗಳಲ್ಲಿ ಒಂದನ್ನೂ ಬಿಡದೆ ನುಂಗುತ್ತಿದ್ದೆ’ ಎಂದು ಬಯಸಿದ್ದರಿಂದಲೇ ನರಕಕ್ಕಿಳಿದ ದೃಷ್ಟಾಂತ ಪ್ರಸಿದ್ಧವಾಗಿದೆ.

ಈ ದೃಷ್ಟಿಯಿಂದ ನೋಡಿದರೆ ಹಿಟ್ಟಿನ ಕೋಳಿ ಒಂದು ಅಪೂರ್ವ ಸಾಕ್ಷ್ಯವಸ್ತು. ಅಲ್ಲಿ ಜೀವವಿಲ್ಲ, ರಕ್ತವಿಲ್ಲ. ಉಳಿದಿರುವುದು ಕೊಲ್ಲುವ ಭಾವ ಮಾತ್ರ. ಕೊಲೆಯಿಂದ ಹೆಣವನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದು ಜನ್ನನ ಕಾವ್ಯ ಕೇಳುತ್ತದೆ. ಪತ್ತೇದಾರಿ ಕಾದಂಬರಿ ಹೆಣದಿಂದ ಶುರುವಾಗಿ ಕೊಂದವನ ಮನಸ್ಸಿನತ್ತ ಹಿಂದೆ ಹಿಂದೆ ನಡೆಯುತ್ತದೆ. ‘ಯಶೋಧರ ಚರಿತೆ’ ಮನಸ್ಸಿನಿಂದ ಶುರುವಾಗಿ ಹೆಣಗಳತ್ತ ಮುಂದೆ ಮುಂದೆ ನಡೆಯುತ್ತದೆ.

ಆಡೆನ್ನನ ಮಾತನ್ನು ಇಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕ್ರಿಸ್‌ಮಸ್ ಕಾದಂಬರಿಯಲ್ಲಿ ಒಬ್ಬನು ಅಪರಾಧಿ, ಮಿಕ್ಕವರು ಬಿಡುಗಡೆ ಹೊಂದಿದವರು. ಜನ್ನನಲ್ಲಿ ಆ ಬಿಡುಗಡೆಯಿಲ್ಲ. ಅಮೃತಮತಿ ಕೊಂದಳು, ನಿಜ. ಅವಳಿಗೂ ದುರ್ಗತಿ ಉಂಟು. ಆದರೆ ಅವಳ ಕಡೆ ಬೆರಳು ತೋರಿಸಿ ಯಶೋಧರ ನಿರ್ಮಲನಾಗಲಾರ. ಅವನು ಕೊಲೆಗೀಡಾದವನೂ ಹೌದು, ಕೊಂದವನೂ ಹೌದು. ಕೇಳುವ ಮಾರಿದತ್ತನೂ ಕತ್ತಿ ಹಿಡಿದವನೇ. ಉಪವಾಸವಿದ್ದು ಕೇಳುತ್ತಿರುವ ಶ್ರಾವಕನಿಗೂ ‘ನಾನು ಬಲಿ ಕೊಡಲಿಲ್ಲ’ ಎಂಬ ಸಮಾಧಾನ ದಕ್ಕುವುದಿಲ್ಲ. ಯಶೋಧರನೂ ಜೀವವನ್ನು ಕೊಂದಿರಲಿಲ್ಲ.

ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ದ ಬ್ಲೂ ಕಾರ್ಬಂಕಲ್’ ಎಂಬ ಕ್ರಿಸ್‌ಮಸ್ ಕಥೆಯ ನಡುವೆಯೂ ಒಂದು ಹಕ್ಕಿಯಿದೆ. ಕದ್ದ ರತ್ನ ಹಬ್ಬದ ಅಡುಗೆಗೆ ಕೊಯ್ದ ಬಾತಿನ ಹೊಟ್ಟೆಯಲ್ಲಿ ಸಿಗುತ್ತದೆ. ಕೊನೆಗೆ ಹೋಮ್ಸ್, ಇದು ಕ್ಷಮೆಯ ಕಾಲವೆಂದು ಕಳ್ಳನನ್ನು ಬಿಟ್ಟುಬಿಡುತ್ತಾನೆ. ಹೃದ್ಯವಾದ ಕಥೆ. ಆದರೆ ಆ ಬಾತಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಸತ್ತ ಹಕ್ಕಿಯಿಂದ ರತ್ನ ತೆಗೆಯುವ ಕಥೆಗೂ ಜೀವವಿಲ್ಲದ ಹಕ್ಕಿಯಿಂದ ಕೂಗು ಹೊರಡಿಸುವ ಕಥೆಗೂ ನಡುವೆ ಇರುವುದು ಎರಡು ನೀತಿದೃಷ್ಟಿಗಳ ಅಂತರ.

ಈ ಕಾವ್ಯದ ನೀತಿ ಪೂರ್ಣವಾಗಿ ಸಮಾಧಾನಕರವೆಂದು ನಾನು ವಾದಿಸುವುದಿಲ್ಲ. ಅಮೃತಮತಿಯ ಮನಸ್ಸಿಗೆ ಯಶೋಧರನ ಮನಸ್ಸಿಗೆ ದೊರೆತ ವಿಚಾರಣೆ ದೊರೆಯದು. ಹಾಡಿಗೆ ಸೋತವಳನ್ನು ಅಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ಕವಿಯೇ ಮುಂದೆ ಅವಳನ್ನು ಕೇವಲ ಪಾಪಿಯಾಗಿಸಿ ಕೈಬಿಡುತ್ತಾನೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ರಾಣಿಗೆ ಮಾತು ಕೊಟ್ಟು, ಅವಳನ್ನೇ ಜೈನಳನ್ನಾಗಿಸಿ, ಆ ಕೊರತೆಗೆ ಮುಖಾಮುಖಿಯಾದರು. ಎಂಟು ಶತಮಾನ ಹಳೆಯದಾದ ಪ್ರಕರಣವನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕೆನಿಸಿದ್ದು, ಅದು ಇನ್ನೂ ಇತ್ಯರ್ಥವಾಗಿಲ್ಲವೆಂಬುದರ ಸೂಚನೆ.

ಕುಂಬಳಕಾಯಿಯ ಮುಂದೆ

ನಮ್ಮ ರಾಜ್ಯದಲ್ಲಿ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ 1959ರಿಂದಲೂ ಇದೆ. ಕಾಯ್ದೆಯ ಕಣ್ಣಿಗೆ ಬೀಳುವುದು ಜೀವವಿರುವ ಪ್ರಾಣಿ. ಜೀವವಿಲ್ಲದ ಬಲಿಯ ವಿಚಾರ ಅದಕ್ಕೆ ಸಂಬಂಧಿಸಿದ್ದಲ್ಲ. ಆಯುಧಪೂಜೆಯ ದಿನ ಚನ್ನಗಿರಿಯ ಅಡಿಕೆ ಮಂಡಿಗಳಲ್ಲಿ, ಹೊನ್ನಾಳಿ, ನ್ಯಾಮತಿಗಳ ಗ್ಯಾರೇಜುಗಳಲ್ಲಿ, ಜಗಳೂರಿನ ಟ್ರ್ಯಾಕ್ಟರುಗಳ ಮುಂದೆ ಬೂದುಗುಂಬಳಕಾಯಿಯನ್ನು ಒಡೆದು ಕುಂಕುಮ ತುಂಬುತ್ತಾರೆ. ಬಿಳಿಯ ತಿರುಳು ಕೆಂಪಾಗುತ್ತದೆ. ಯಾವ ಜೀವಕ್ಕೂ ನೋವಾಗಲಿಲ್ಲವೆಂದು ನಾವು ಸಂತೋಷಪಡುತ್ತೇವೆ, ಸಂತೋಷಪಡತಕ್ಕದ್ದೇ. ಕೋಣನಿಂದ ಕುಂಬಳಕಾಯಿಗೆ ಬಂದದ್ದು ಸಣ್ಣ ದಾರಿಯಲ್ಲ.

ಆದರೆ ಆ ಕುಂಕುಮ ಏತಕ್ಕೆ ಎಂಬ ಪ್ರಶ್ನೆಯನ್ನು ಜನ್ನ ನಮ್ಮಲ್ಲಿ ಉಳಿಸಿಹೋಗಿದ್ದಾನೆ. ಕಳೆದ ಬಾರಿ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಬಂದು, ‘ನಮ್ಮ ತಂದೆಯ ಲಾರಿಗೆ ಪ್ರತಿವರ್ಷ ಕಾಯಿ ಒಡೆಯುವವನು ನಾನೇ ಸರ್, ಈ ಸಲ ಕೈ ತಡೆಯಬಹುದು’ ಎಂದು ನಕ್ಕ. ಒಡೆಯಬೇಡವೆಂದು ನಾನು ಹೇಳಲಿಲ್ಲ. ಹೇಳುವ ಅಧಿಕಾರವೂ ನನಗಿಲ್ಲ. ಯಶೋಧರನ ಕೈ ಒಮ್ಮೆ ತಡೆದಿತ್ತು, ಹೆಂಡತಿಯ ಮೇಲೆ ಕತ್ತಿ ಎತ್ತಿದ ಆ ರಾತ್ರಿ. ಹಿಟ್ಟಿನ ಕೋಳಿಯ ಮುಂದೆ ಅದು ತಡೆಯಲಿಲ್ಲ. ಅಲ್ಲಿ ತಡೆಯಬೇಕಾದದ್ದೇನೂ ಇದೆಯೆಂದು ಅವನಿಗೆ ತೋರಲಿಲ್ಲ.

ಹಬ್ಬದ ಮನೆಯ ಕೊಲೆಯ ಕಥೆ ಕ್ರಿಸ್ಟಿಯ ಓದುಗನಿಗೆ ಕೊಡುವುದು ನಿದ್ದೆ: ಅಪರಾಧಿ ಸಿಕ್ಕ, ದೀಪ ಆರಿಸಿ ಮಲಗಬಹುದು. ಆ ನಿದ್ದೆಯನ್ನು ನಾನು ಹಗುರವಾಗಿ ಕಾಣಲಾರೆ. ನಾನೂ ಅದನ್ನು ಬೇಕಾದಷ್ಟು ಅನುಭವಿಸಿದ್ದೇನೆ. ಜೀವದಯಾಷ್ಟಮಿಯ ಕೇಳುಗನಿಗೆ ಜನ್ನ ಕೊಟ್ಟದ್ದು ಎಚ್ಚರ. ಅಪರಾಧಿಯನ್ನು ಹುಡುಕುತ್ತ ಹೊರಟವನು ಕೊನೆಯಲ್ಲಿ ತನ್ನ ಕೈಯನ್ನೇ ನೋಡಿಕೊಳ್ಳುವಂತೆ ಮಾಡುವ ಆ ಎಚ್ಚರವನ್ನು ಕವಿ ಪಾರಣೆಯೆಂದು ಕರೆದ.